ಸುರಂಗದ ಕಾಯಿಲೆಗೆ ಸಿಕ್ಕ ಸಾಕ್ಷಿ

ಆಲ್ಪ್ಸ್ ಪರ್ವತವನ್ನು ಕೊರೆದು 15 ಕಿಲೋಮೀಟರ್ ಉದ್ದದ ಗಾಟ್ಹಾರ್ಡ್ ರೈಲು ಸುರಂಗ ತೋಡುತ್ತಿದ್ದಾಗ, ಇಟಲಿಯಿಂದ ಬಂದ ಕೂಲಿಕಾರರು ಬಿಳಿಚಿಕೊಂಡು, ಏದುಸಿರು ಬಿಡುತ್ತ ಕುಸಿಯತೊಡಗಿದರು. ಕೆಟ್ಟ ಗಾಳಿ, ಬಿಸಿಲು ಕಾಣದ ದುಡಿಮೆ, ಕಳಪೆ ಊಟವೇ ಕಾರಣವೆಂಬ ನಂಬಿಕೆಯಿತ್ತು. ಕರುಳಿಗೆ ಕಚ್ಚಿ ರಕ್ತ ಹೀರುವ ಕೊಕ್ಕೆಹುಳುವೇ ಕಾರಣವೆಂದು 1880ರಲ್ಲಿ ಪೆರೊಂಚಿತೊ ಮೊದಲಾದ ಇಟಲಿಯ ತಜ್ಞರು ತೋರಿಸಿದರು. ಈ ಗೆಲುವಿನ ಹಿರಿಮೆ ಹುಳುವನ್ನು ಕಂಡದ್ದಕ್ಕಿಂತ, ಮಲದಲ್ಲಿ ಅದರ ಮೊಟ್ಟೆಯನ್ನು ಗುರುತಿಸಿದ್ದಕ್ಕೇ ಹೆಚ್ಚು ಸಲ್ಲಬೇಕು.

1838ರಲ್ಲೇ ಮಿಲಾನ್‌ನ ದುಬಿನಿ ಎಂಬ ವೈದ್ಯನಿಗೆ ಈ ಹುಳು ಸಿಕ್ಕಿರಲಿಲ್ಲವೇ ಎಂದು ಕೇಳಬಹುದು. ಸಿಕ್ಕಿತ್ತು, ಆದರೆ ಶವಪರೀಕ್ಷೆಯಲ್ಲಿ; ಆ ಅರಿವಿನಿಂದ ರೋಗಿ ಬದುಕುವಂತಿರಲಿಲ್ಲ. 1878ರಲ್ಲಿ ಇಟಲಿಯವರೇ ಆದ ಸಂಶೋಧಕ ಗ್ರಾಸ್ಸಿ ಮತ್ತು ಪರೋನಾ ಸಹೋದರರು, ಬದುಕಿರುವವರ ಮಲವನ್ನು ಸೂಕ್ಷ್ಮದರ್ಶಕದಡಿ ಇಟ್ಟು, ತೆಳು ಚಿಪ್ಪಿನ ಅಂಡಾಕಾರದ ಮೊಟ್ಟೆಗಳಿಂದಲೇ ರೋಗ ಪತ್ತೆಮಾಡಬಹುದೆಂದು ತೋರಿಸಿಕೊಟ್ಟರು. ಅಲ್ಲಿಂದ ಮುಂದೆ ಯಾರಿಗೆ ಔಷಧ ಬೇಕು, ಕೊಟ್ಟ ಔಷಧ ಫಲಿಸಿತೇ ಎಂಬುದನ್ನು ಊಹೆಗೆ ಬಿಡಬೇಕಾಗಲಿಲ್ಲ.

ಎಲ್ಲ ಹೊಣೆಯನ್ನೂ ಹುಳುವಿನ ಮೇಲೆ ಹೊರಿಸಿದರೆ ದುಡಿಸಿಕೊಂಡವರು ಪಾರಾಗುವುದಿಲ್ಲವೇ ಎಂಬ ಆಕ್ಷೇಪವೂ ತೂಕದ್ದೇ. ಆದರೆ ಮೊಟ್ಟೆಯ ಸಾಕ್ಷಿ ಅವರನ್ನು ಪಾರುಮಾಡಲಿಲ್ಲ, ಹಿಡಿದುಕೊಟ್ಟಿತು. ಮೊಟ್ಟೆ ಮಲದಿಂದ ಬರುತ್ತದೆ, ಬೆಚ್ಚಗಿನ ಒದ್ದೆ ನೆಲದಲ್ಲಿ ಮರಿಯಾಗುತ್ತದೆ; ಆ ಮರಿ ಚರ್ಮವನ್ನೇ ತೂರಿ ದೇಹ ಸೇರುತ್ತದೆಂದು ಮುಂದೆ ಕೈರೋದಲ್ಲಿ ಲೂಸ್ ಎಂಬ ವಿಜ್ಞಾನಿ ಸಾಬೀತುಪಡಿಸಿದ. ಅಂದರೆ ಸುರಂಗದಲ್ಲಿ ಶೌಚಾಲಯದ ವ್ಯವಸ್ಥೆ ಮಾಡದಿದ್ದುದೇ ರೋಗ ಹಬ್ಬಿಸಿತ್ತು. ರೋಗವನ್ನು ಸರಿಯಾಗಿ ಗುರುತಿಸುವುದು ಮದ್ದಿನ ಮೊದಲ ಹೆಜ್ಜೆಯಷ್ಟೇ ಅಲ್ಲ, ನ್ಯಾಯದ ಮೊದಲ ಹೆಜ್ಜೆಯೂ ಹೌದು.