ಸರಿಜೋಡಿಯ ವಿಚಾರ

ಮೈಸೂರು ದಸರೆಯ ಕುಸ್ತಿಯನ್ನು ನೋಡಿದವರು ಬಹಳ. ಅದಕ್ಕೆ ಮುಂಚೆ ನಡೆಯುವ ಜೋಡಿ ಕಟ್ಟುವ ಕಾರ್ಯವನ್ನು ನೋಡಿದವರು ಕಡಮೆ. ನಂಜನಗೂಡು, ತಿರುಮಕೂಡಲು ನರಸೀಪುರ, ಶ್ರೀರಂಗಪಟ್ಟಣ ಮೊದಲಾದ ಕಡೆಗಳ ಗರಡಿಗಳಿಂದ ಉಸ್ತಾದರು ತಮ್ಮ ಹುಡುಗರನ್ನು ಕರೆತರುತ್ತಾರೆ. ಇಬ್ಬರನ್ನು ಎದುರುಬದುರು ನಿಲ್ಲಿಸಿ, ಎತ್ತರವೆಷ್ಟು, ಮೈಕಟ್ಟು ಎಂತಹದು, ಸಾಮು ಮಾಡಿ ಎಷ್ಟು ವರ್ಷವಾಯಿತು ಎಂಬುದನ್ನೆಲ್ಲ ಹಿರಿಯರು ಕಣ್ಣಳತೆಯಿಂದಲೇ ತೂಗಿ ನೋಡಿ, ಸರಿಯೆನಿಸಿದರೆ ಕೈಗೆ ಕೈ ಕೂಡಿಸುತ್ತಾರೆ. ಇಷ್ಟು ನಿಮಿಷದ ಕುಸ್ತಿಯೋ, ಒಬ್ಬನು ಚಿತ್ತಾಗುವವರೆಗೆ ನಡೆಯುವ ಮಾರ್ಫಿಟ್ ಕುಸ್ತಿಯೋ ಎಂಬುದೂ ಆಗಲೇ ಗೊತ್ತಾಗುತ್ತದೆ. ಸರಿಬಾರದ ಜೋಡಿಯನ್ನು ಒಳ್ಳೆಯ ಉಸ್ತಾದನು ಒಪ್ಪುವುದಿಲ್ಲ. ಹುಡುಗನು ಎಷ್ಟೇ ತವಕಪಟ್ಟರೂ ಒಪ್ಪುವುದಿಲ್ಲ.

ಈ ವಿವೇಕ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಭಾಗವೇ ಉಂಟು. ಅಲ್ಲಿ ವಯಸ್ಸು, ಮೈಕಟ್ಟು, ಬಲಗಳನ್ನು ನೋಡಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲರೆಂದು ವಿಂಗಡಿಸಿದೆ. ಅವರವರ ಅಭ್ಯಾಸವನ್ನೂ ಆಹಾರವನ್ನೂ ಹೇಳಿದೆ. ನಮ್ಮ ‘ಜಟ್ಟಿ’ ಎಂಬ ಮಾತಿಗೂ ಈ ಜ್ಯೇಷ್ಠಿ ಶಬ್ದಕ್ಕೂ ನಂಟುಂಟೆಂದು ಪಂಡಿತರ ಮತ. ಪದದ ಬೇರನ್ನು ಕೆದಕುವ ಈ ಚಟ ನನ್ನನ್ನು ಬಿಡದು; ಓದುಗರು ಮನ್ನಿಸಬೇಕು.

ಶಾಲೆಗಳಲ್ಲಿ ಪಂದ್ಯಗಳು ಬೆಳೆದಂತೆ ಕಣ್ಣಳತೆಯ ಜಾಗದಲ್ಲಿ ಹುಟ್ಟಿದ ತಾರೀಖು ಬಂದು ಕುಳಿತಿತು. ಭಾರತದ ಶಾಲಾ ಕ್ರೀಡಾ ಒಕ್ಕೂಟ 1954ರಲ್ಲಿ ಸ್ಥಾಪನೆಯಾಯಿತು. ಈಗ 14, 17, 19 ವರ್ಷದೊಳಗಿನವರೆಂಬ ವರ್ಗಗಳು. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯವೆಂಬ ಮೆಟ್ಟಿಲುಗಳು. ಕುಸ್ತಿಗಾದರೆ ತೂಕದ ಕಟ್ಟುಪಾಡು ಬೇರೆ. ನ್ಯಾಯವಾದ ಕ್ರಮವೇ ಸರಿ. ಆದರೆ ಎಂಟನೆಯ ತರಗತಿಯ ಒಂದೇ ಬೆಂಚಿನಲ್ಲಿ ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಪಕ್ಕದವನ ದನಿ ಇನ್ನೂ ಒಡೆದಿರುವುದಿಲ್ಲ. ಇಬ್ಬರೂ ಹುಟ್ಟಿದ್ದು ಒಂದೇ ವರ್ಷ. ಹಾಜರಿ ಪುಸ್ತಕಕ್ಕೆ ಈ ಭೇದ ಕಾಣುವುದಿಲ್ಲ.

ತಂದೆತಾಯಿಗಳಿಗೂ ಅನೇಕ ವೇಳೆ ಕಾಣುವುದಿಲ್ಲ. ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಅವರು, 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ಪನ್ನು ಗೆದ್ದ ಭಾರತದ ಮಹಿಳಾ ತಂಡದಲ್ಲಿದ್ದರು. ಅಂತಿಮ ಪಂದ್ಯದಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದರು. ಆಮೇಲೆ, “ಮೇಷ್ಟ್ರೇ, ನಮ್ಮ ಮಗಳನ್ನೂ ದೊಡ್ಡವರ ತಂಡಕ್ಕೇ ಸೇರಿಸಿಬಿಡಿ” ಎನ್ನುವವರು ಹೆಚ್ಚಿದ್ದಾರೆ. ನಾನು ಅವರನ್ನು ಕೇಳುವುದಿಷ್ಟೆ: ಈಗಿರುವ ಕಡೆ ಹತ್ತು ಆಟದಲ್ಲಿ ಎಷ್ಟು ಗೆಲ್ಲುತ್ತಾಳೆ? ಹತ್ತನ್ನೂ ಗೆದ್ದರೆ ಒಂದು ಮೆಟ್ಟಿಲು ಮೇಲಕ್ಕೆ ಕಳುಹಿಸೋಣ. ಹತ್ತನ್ನೂ ಸೋತರೆ ಒಂದು ಮೆಟ್ಟಿಲು ಇಳಿಸೋಣ. ಸೋತ ಮರುದಿನ ಯಾರೂ ಎಬ್ಬಿಸದೆ ತಾನಾಗಿ ಮೈದಾನಕ್ಕೆ ಹೋಗುತ್ತಾಳೆಯೇ?

ಇದನ್ನು ನಾನು ತಪ್ಪು ಮಾಡಿ ಕಲಿತೆ. ಕೆಲವು ವರ್ಷಗಳ ಹಿಂದೆ ನಂಜನಗೂಡಿನ ಕಡೆಯ ನನ್ನ ವಿದ್ಯಾರ್ಥಿಯೊಬ್ಬನು ಸಮವಯಸ್ಕರನ್ನೆಲ್ಲ ಸೋಲಿಸಿದ್ದನು. ಊರ ಜಾತ್ರೆಯ ಕುಸ್ತಿಗೆ ಅವನನ್ನು ದೊಡ್ಡ ಹುಡುಗರ ಜೋಡಿಗೆ ಬಿಡಬೇಕೆಂದು ತಂದೆಯ ಹಟ. “ಎಳೆಗರುವಿಗೆ ನೊಗ ಯಾಕೆ ಸ್ವಾಮಿ?” ಎಂದರು ಉಸ್ತಾದರು. ಶಾಲೆಗೆ ಹೆಸರು ಬರಲೆಂಬ ಆಸೆಯಿಂದ ನಾನು ತಂದೆಯ ಪಕ್ಷ ವಹಿಸಿದೆ. ಎರಡನೆಯ ಪಟ್ಟಿಗೇ ಹುಡುಗನ ಭುಜ ಕಳಚಿತು. ಎರಡು ತಿಂಗಳು ಬಲಗೈಯಲ್ಲಿ ಬರೆಯಲಾಗಲಿಲ್ಲ. ಭುಜವೇನೋ ವಾಸಿಯಾಯಿತು, ಹುಡುಗ ಮಾತ್ರ ಗರಡಿಯ ಬೀದಿಯನ್ನು ಬಿಟ್ಟು ಸುತ್ತುಬಳಸಿ ಶಾಲೆಗೆ ಬರತೊಡಗಿದನು.

ಉಸ್ತಾದರು ನನ್ನನ್ನು ಒಂದು ಮಾತೂ ಆಡಲಿಲ್ಲ. ಒಂದು ಸಂಜೆ ಹುಡುಗನ ಮನೆಗೆ ಹೋಗಿ, “ಚಿಕ್ಕ ಮಕ್ಕಳಿಗೆ ಮಣ್ಣು ಹದಮಾಡಬೇಕು, ಬಾರಪ್ಪ” ಎಂದು ಕರೆದರಂತೆ. ಮಣ್ಣು ಹದಮಾಡುತ್ತ, ಆ ಮಕ್ಕಳಿಗೆ ಪಟ್ಟು ಹೇಳಿಕೊಡುತ್ತ, ಅವನು ಮತ್ತೆ ಕಣಕ್ಕೆ ಇಳಿದನು. ಮರುವರ್ಷದ ಜಾತ್ರೆಗೆ ಉಸ್ತಾದರೇ ನರಸೀಪುರದ ಕಡೆಯ, ಅವನಷ್ಟೇ ಎತ್ತರದ ಒಬ್ಬ ಹುಡುಗನನ್ನು ಹುಡುಕಿ ಜೋಡಿ ಕಟ್ಟಿದರು. ಗೊತ್ತಾದ ನಿಮಿಷಗಳು ಮುಗಿದರೂ ಇಬ್ಬರ ಬೆನ್ನಿಗೂ ಮಣ್ಣು ತಾಗಲಿಲ್ಲ. ಕುಸ್ತಿ ಸಮವೆಂದರು. ಹುಡುಗರಿಬ್ಬರೂ ಒಂದೇ ಚೊಂಬಿನಲ್ಲಿ ನೀರು ಕುಡಿಯುತ್ತಿದ್ದುದನ್ನು ನಾನು ದೂರದಲ್ಲಿ ನಿಂತು ನೋಡಿದೆ.