ನಾಟಕದ ನೋಟೀಸೂ ಮಾತನಾಡುವ ಚಿತ್ರವೂ

ಹೊನ್ನವಳ್ಳಿಯ ಸೀಮೆಯವರು ಕೊಬ್ಬರಿಯ ಹದವನ್ನು ಕಿವಿಯಿಂದ ಅರಿಯುವವರು. ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿದ ಕಾಯನ್ನು ಅಲುಗಿಸಿದಾಗ ಒಳಗೆ ಕಳಚಿದ ಉಂಡೆಯು ಸದ್ದುಮಾಡಿದರೆ ಮಾತ್ರ ನಂಬಿಕೆ. ಇಂತಹವರ ಮುಂದೆ ಅಚ್ಚಾದ ಹೊಗಳಿಕೆಯು ಸುಲಭವಾಗಿ ಸಲ್ಲುವುದಲ್ಲ.

ಮೂಡಲಪಾಯದ ಬಯಲಾಟಕ್ಕೆ ಪ್ರಕಟನೆಯೇ ಬೇಕಿರಲಿಲ್ಲ. ಮದ್ದಳೆಯ ದನಿಯೇ ಕರೆ, ವೇಷಧಾರಿಗಳೂ ಊರವರೇ. ನೆರೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘದಂತಹ ಕಂಪೆನಿಗಳು ಬಂದ ಮೇಲೆ ಆಟಕ್ಕೆ ಟಿಕೀಟು ಬಂದಿತು. ಟಿಕೀಟಿನ ಬೆನ್ನಿಗೇ ನೋಟೀಸೂ ಬಂದಿತು. ಗಾಡಿಯಲ್ಲಿ ವಾದ್ಯ ಬಾರಿಸುತ್ತ ಬಣ್ಣದ ಕಾಗದಗಳನ್ನು ಬೀದಿಬೀದಿಗೆ ತೂರಿದರು. ಜನರು ಕಾಗದವನ್ನು ಆಯ್ದುಕೊಂಡರೇ ಹೊರತು ಅದರ ಮಾತನ್ನೆಲ್ಲ ಒಪ್ಪಲಿಲ್ಲ. ಮೊದಲ ದಿನ ನೋಡಿ ಬಂದವನೊಬ್ಬನು ಸಂತೆಯಲ್ಲಿ ತಲೆಯಾಡಿಸಿದನೆಂದರೆ ಅದರ ಬೆಲೆಯೇ ಬೇರೆ. ‘ಕಟ್ಟಕಡೆಯ ಆಟ’ವೆಂದು ಸಾರಿದುದು ವಾರವಾದರೂ ಮುಗಿಯದಿದ್ದಾಗ ನಗದವರಾರು?

1934ನೆಯ ಇಸವಿ ಮಾರ್ಚಿ 3ರಂದು ಬೆಂಗಳೂರಿನಲ್ಲಿ ‘ಸತಿ ಸುಲೋಚನ’ವು ತೆರೆಕಂಡಿತು. ಕನ್ನಡದ ಈ ಮೊದಲ ವಾಕ್ಚಿತ್ರವು ಹೊಸ ಯಂತ್ರದಿಂದ ಹುಟ್ಟಿದರೂ ಅದರ ಉಸಿರೆಲ್ಲ ರಂಗಭೂಮಿಯದೇ: ಸುಬ್ಬಯ್ಯನಾಯುಡು, ಆರ್. ನಾಗೇಂದ್ರರಾಯರು ಇಬ್ಬರೂ ನಾಟಕದವರು. ಮರುವರ್ಷದ ‘ಸದಾರಮೆ’ಯಂತೂ ರಂಗದ ಮೇಲೆ ಮನೆಮಾತಾಗಿದ್ದ ಕಥೆ, ಗುಬ್ಬಿ ವೀರಣ್ಣನವರೇ ಅದರಲ್ಲಿ ಅಭಿನಯಿಸಿದರು. ಚಿತ್ರವು ನಾಟಕವನ್ನು ನುಂಗಿತೆಂದು ಹೇಳುವವರು ಅದೇ 1934ರಲ್ಲಿ ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನು ತಂದುದನ್ನು ಮರೆಯುತ್ತಾರೆ. ತೆರೆಯ ಮೇಲೆ ಆನೆಯ ನೆರಳು ಮಾತ್ರ ಬಂದೀತು. ಅದರ ಮೈವಾಸನೆ ಬಾರದು. ಆದರೆ ವೆಚ್ಚವು ಏರಿತು. ಇರುಳೆಲ್ಲ ನಡೆಯುತ್ತಿದ್ದ ಆಟಗಳು ಮೊಟಕಾಗುತ್ತ ಬಂದುವು. ನಟರು ಒಬ್ಬೊಬ್ಬರಾಗಿ ಚಿತ್ರದ ಕಡೆಗೆ ಸರಿದರು. ವೀರಣ್ಣನವರ ಬಳಗದ ‘ಬೇಡರ ಕಣ್ಣಪ್ಪ’ನಿಂದ 1954ರಲ್ಲಿ ರಾಜಕುಮಾರರು ನಾಯಕರಾದುದೂ ಈ ಹಾದಿಯಲ್ಲೇ.

ರೇಡಿಯೋವಿನ ಕಥೆ ಬೇರೆ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಆರಂಭಿಸಿದ ‘ಆಕಾಶವಾಣಿ’ಯು ವ್ಯಾಪಾರಕ್ಕಾಗಿ ಹುಟ್ಟಿದುದಲ್ಲ. ಮುಂದೆ 1952ರ ಸುಮಾರಿಗೆ ಸರ್ಕಾರದ ಬಾನುಲಿಯು ಚಲಚ್ಚಿತ್ರಗೀತೆಗಳನ್ನು ದೂರವಿಟ್ಟಾಗ ಕೇಳುಗರು ಸಿಲೋನಿನ ಕಡೆಗೆ ಮುಳ್ಳು ತಿರುಗಿಸಿದರು. ಅವರನ್ನು ಮರಳಿ ಕರೆಯಲು 1957ರಲ್ಲಿ ‘ವಿವಿಧ ಭಾರತಿ’ಯು ಹುಟ್ಟಿತು; 1967ರಲ್ಲಿ ಅದಕ್ಕೂ ಜಾಹಿರಾತು ಸೇರಿತು. ಹಾಡು ಮುಗಿದು ಸಾಬೂನಿನ ಗುಣಗಾನವು ಮೊದಲಾಗುತ್ತಲೇ ದನಿಯನ್ನು ತಗ್ಗಿಸಿ ಒಲೆಯ ಕಡೆಗೆ ಹೋದ ಗೃಹಿಣಿಯು ಯಾವ ಸಭೆಯಲ್ಲಿಯೂ ಪ್ರತಿಭಟಿಸಿದವಳಲ್ಲ. ಆ ಗುಂಡಿಯೇ ಅವಳ ತೀರ್ಪು.

ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ವೆಂಬ ಹೆಸರಿನ ಪೌರಾಣಿಕ ನಾಟಕವು ಇಂದಿಗೂ ನಡೆಯುತ್ತದೆ. ಪಾತ್ರಕ್ಕೆ ತಾನೇ ಹಣ ತೆತ್ತು ದುರ್ಯೋಧನನಾಗುವ ರೈತನ ಭಾವಚಿತ್ರವು ದೊಡ್ಡ ಹಲಗೆಯ ಮೇಲೆ ಊರ ಬಾಗಿಲಲ್ಲಿ ನಿಂತಿರುತ್ತದೆ. ಅದನ್ನು ಓದುವವರು ಕಡಿಮೆ. ಪಕ್ಕದ ತೋಟದವನು ಗದೆ ಹಿಡಿಯುವನೆಂಬುದು ಎಲ್ಲರಿಗೂ ಮೊದಲೇ ಗೊತ್ತು. ಚಾಪೆ ಹಿಡಿದು ಕತ್ತಲಾಗುವ ಮುನ್ನವೇ ಬಂದು ಕುಳಿತಿರುತ್ತಾರೆ.