ಕಾಂಗೋ ಚುನಾವಣೆ: ಹೊರಗಿನವರ ನೆರವು, ಒಳಗಿನವರ ಎಣಿಕೆ

ಮಧ್ಯ ಆಫ್ರಿಕಾದ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಲ್ಲಿ 2006ರ ಜುಲೈ 30ರಂದು ಜರುಗಿದ ಮತದಾನವು 1965ರ ನಂತರ ಆ ದೇಶ ಕಂಡ ಮೊದಲ ಬಹುಪಕ್ಷೀಯ ಚುನಾವಣೆ. ಇದರ ರಾಜಧಾನಿ ಕಿನ್ಶಾಸಾ. (ನದಿಯ ಆಚೆ ದಡದ ಬ್ರಾಜಾವಿಲ್ ಕಾಂಗೋ ಬೇರೆಯೇ ದೇಶ, ಪತ್ರಿಕೆಗಳಲ್ಲಿ ಎರಡೂ ಆಗಾಗ ಬೆರೆತುಹೋಗುವುದುಂಟು.) ಆಫ್ರಿಕಾದಲ್ಲಿ ಅತಿ ಹೆಚ್ಚು ಕಥೋಲಿಕರಿರುವ ದೇಶವಾದ್ದರಿಂದ ಈ ಚುನಾವಣೆಯಲ್ಲಿ ಧರ್ಮಸಭೆಯ ಪಾತ್ರವೂ ದೊಡ್ಡದು. ಅದನ್ನು ನಮ್ಮ ಓದುಗರು ಅರಿತಿರಬೇಕೆಂಬುದು ನಮ್ಮ ಆಶಯ.

1997ರವರೆಗೆ ಮೊಬುಟು ಅವರ ಸರ್ವಾಧಿಕಾರ, ಬಳಿಕ 1998ರಿಂದ ನೆರೆಯ ಹಲವು ದೇಶಗಳ ಸೇನೆಗಳೂ ಸೇರಿದ ಭೀಕರ ಯುದ್ಧ. 2002ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಆದ ಒಪ್ಪಂದದಂತೆ ಮರುವರ್ಷ ಮಧ್ಯಂತರ ಸರಕಾರ ಬಂತು. ಯುದ್ಧದಲ್ಲಿ ಎದುರಾಳಿಗಳಾಗಿದ್ದ ಜೋಸೆಫ್ ಕಬಿಲ ಅಧ್ಯಕ್ಷರೂ ಜೀನ್‌ಪಿಯೆರ್ ಬೆಂಬ ನಾಲ್ವರು ಉಪಾಧ್ಯಕ್ಷರಲ್ಲಿ ಒಬ್ಬರೂ ಆದರು. ಅಂದರೆ ಮತ ಕೇಳಲು ಹೊರಟ ಇಬ್ಬರ ಕೈಯಲ್ಲೂ ಬಂದೂಕುಧಾರಿಗಳಿದ್ದರು.

ಇಂಥಲ್ಲಿ ಸುಮಾರು ಎರಡೂವರೆ ಕೋಟಿ ಮತದಾರರ ನೋಂದಣಿಯಾಯಿತು. ಆಗ ಕೊಟ್ಟ ಕಾರ್ಡೇ ಬಹಳಷ್ಟು ಜನರ ಪಾಲಿಗೆ ಗುರುತಿನ ಚೀಟಿಯಾಯಿತು. ಅಧ್ಯಕ್ಷ ಸ್ಥಾನಕ್ಕೆ 33 ಮಂದಿ, ಸಂಸತ್ತಿನ 500 ಸ್ಥಾನಗಳಿಗೆ ಒಂಬತ್ತು ಸಾವಿರಕ್ಕೂ ಹೆಚ್ಚು ಮಂದಿ ಸ್ಪರ್ಧಿಸಿದ್ದರು. ಕಿನ್ಶಾಸಾದ ಕೆಲವು ಕ್ಷೇತ್ರಗಳಲ್ಲಿ ಮತಪತ್ರವೇ ಹಲವು ಪುಟಗಳಷ್ಟಿತ್ತು. ದಕ್ಷಿಣ ಆಫ್ರಿಕಾದಲ್ಲಿ ಮುದ್ರಣಗೊಂಡ ಈ ಮತಪತ್ರಗಳನ್ನು ರಸ್ತೆಗಳೇ ಇಲ್ಲದ ದೇಶದ ಸುಮಾರು 50 ಸಾವಿರ ಮತಗಟ್ಟೆಗಳಿಗೆ ವಿಮಾನ, ಹೆಲಿಕಾಪ್ಟರ್, ದೋಣಿಗಳಲ್ಲಿ, ಕೊನೆಗೆ ತಲೆಹೊರೆಯಲ್ಲೂ ಸಾಗಿಸಬೇಕಾಯಿತು. ಖರ್ಚು 40 ಕೋಟಿ ಡಾಲರ್ ಮೀರಿತ್ತು. ಹೆಚ್ಚಿನ ಪಾಲು ವಿದೇಶಗಳದ್ದು, ಅದರಲ್ಲೂ ಯುರೋಪಿಯನ್ ಒಕ್ಕೂಟದ್ದು. ವಿಶ್ವಸಂಸ್ಥೆಯ ಸುಮಾರು 17 ಸಾವಿರ ಶಾಂತಿಪಾಲಕರು ಅಲ್ಲಿದ್ದರು. ಪೂರ್ವದ ಉತ್ತರ ಕಿವು ಪ್ರಾಂತ್ಯದ ಹೊಣೆ ಭಾರತೀಯ ಸೇನೆಯ ಬ್ರಿಗೇಡಿನದಾಗಿತ್ತು.

ನೆರವು ವ್ಯರ್ಥವಾಗಲಿಲ್ಲ. ಆಗಸ್ಟ್ 20ರಂದು ಮೊದಲ ಸುತ್ತಿನ ಫಲಿತಾಂಶ ಪ್ರಕಟವಾದಾಗ ಕಬಿಲ ಅವರಿಗೆ ಶೇ. 45ರಷ್ಟು, ಬೆಂಬ ಅವರಿಗೆ ಶೇ. 20 ಮತಗಳು ಬಂದಿದ್ದವು. ರಾಜಧಾನಿಯಲ್ಲಿ ಗುಂಡಿನ ಕಾಳಗವೇ ಆರಂಭವಾಯಿತು. ಮರುದಿನ ಬೆಂಬ ಅವರ ನಿವಾಸದಲ್ಲಿ ವಿದೇಶಿ ರಾಯಭಾರಿಗಳು ಮಾತುಕತೆಗೆ ಕುಳಿತಿದ್ದಾಗಲೇ ಅಧ್ಯಕ್ಷರ ಕಾವಲುಪಡೆ ದಾಳಿ ಮಾಡಿತು. ವಿಶ್ವಸಂಸ್ಥೆ ಹಾಗೂ ಯುರೋಪಿನ ಸೈನಿಕರು ಅವರನ್ನು ಪಾರುಮಾಡಿದರು. ಹೊರಗಿನ ಪಡೆ ಅಲ್ಲಿ ಇಲ್ಲದಿದ್ದರೆ ಎರಡನೇ ಸುತ್ತು ನಡೆಯುತ್ತಿತ್ತೆಂದು ನಮಗನಿಸುವುದಿಲ್ಲ. ಅಕ್ಟೋಬರ್ 29ರಂದು ಅದು ನಡೆದು, ಶೇ. 58 ಮತ ಪಡೆದ ಕಬಿಲ ಗೆದ್ದರು.

ಚುನಾವಣಾ ಆಯೋಗದ ಮುಖ್ಯಸ್ಥರಾಗಿದ್ದವರು ಬುಟೆಂಬೊ-ಬೇನಿ ಧರ್ಮಪ್ರಾಂತ್ಯದ ಗುರು ವಂದನೀಯ ಅಪೊಲಿನೇರ್ ಮಲುಮಲು. ಸಾರ್ವಜನಿಕ ಅಧಿಕಾರದ ಹುದ್ದೆಗಳನ್ನು ಗುರುಗಳು ವಹಿಸಬಾರದೆಂದು ಧರ್ಮಸಭೆಯ ಕಾನೂನಿನ 285ನೇ ವಿಧಿ ಹೇಳುತ್ತದೆ. ಆದರೂ ಯಾವ ಬಣಕ್ಕೂ ಸೇರದ ಒಬ್ಬರು ಬೇಕಾಗಿದ್ದ ಕಾಲವದು. ಇತ್ತ ಬಿಷಪರ ಪರಿಷತ್ತು ಸಿದ್ಧತೆಯ ಲೋಪಗಳನ್ನು ಎತ್ತಿ ತೋರಿಸಿ, ಮತದಾನದ ಮುನ್ನಾ ದಿನಗಳಲ್ಲೇ ಆಯೋಗವನ್ನು ಬಹಿರಂಗವಾಗಿ ಟೀಕಿಸಿತ್ತು. ಗುರುವೊಬ್ಬರು ಆ ಕುರ್ಚಿಯಲ್ಲಿದ್ದಾರೆಂದು ಬಿಷಪರು ಸುಮ್ಮನಿರಲಿಲ್ಲ. ಇದು ಒಳ್ಳೆಯದೇ ಆಯಿತೆಂಬುದು ನಮ್ಮ ಅಭಿಪ್ರಾಯ. ಮಲುಮಲು 2013ರಲ್ಲಿ ಮತ್ತೆ ಅದೇ ಹುದ್ದೆಗೆ ಬಂದು, ಅನಾರೋಗ್ಯದಿಂದ 2015ರಲ್ಲಿ ರಾಜೀನಾಮೆ ನೀಡಿ, ಮರುವರ್ಷ ತೀರಿಕೊಂಡರು.

ಮುಂದಿನ ಚುನಾವಣೆಗಳ ಹೊತ್ತಿಗೆ ವಿದೇಶಿ ಹಣ ಕಡಿಮೆಯಾಯಿತು, ಉತ್ಸಾಹವೂ ಇಳಿಯಿತು. 2011ರಲ್ಲಿ ಕಬಿಲ ಮತ್ತೆ ಗೆದ್ದರೆಂದು ಸಾರಿದಾಗ ಕಾರ್ಟರ್ ಸೆಂಟರಿನ ವೀಕ್ಷಕರು ಫಲಿತಾಂಶ ನಂಬಲರ್ಹವಲ್ಲವೆಂದರು. ಕಿನ್ಶಾಸಾದ ಕಾರ್ಡಿನಲ್ ಮೊನ್ಸೆಂಗ್ವೊ ಅವರೂ ಅದನ್ನು ಒಪ್ಪಲಿಲ್ಲ. 2018ರಲ್ಲಂತೂ ಹೊರಗಿನ ಹಣವಾಗಲಿ ವಿಶ್ವಸಂಸ್ಥೆಯ ವಿಮಾನಗಳಾಗಲಿ ಬೇಡವೆಂದು ಸರಕಾರವೇ ಹೇಳಿತು.

ಆಗ ಉಳಿದದ್ದು ಚರ್ಚುಗಳ ಜಾಲ. ಕಿನ್ಶಾಸಾದಲ್ಲಿ 1970ರ ದಶಕದಿಂದಲೂ ಕಾರ್ಡಿನಲ್ ಮಲುಲ ಅವರು ಬೆಳೆಸಿದ ಸಣ್ಣ ಕ್ರೈಸ್ತ ಸಮುದಾಯಗಳಿವೆ. ನಮ್ಮ ವಾಳೆಗಳನ್ನು ಬಲ್ಲವರಿಗೆ ಇವು ಹೊಸತೆನಿಸವು. ಬಿಷಪರ ಪರಿಷತ್ತು ದೇಶಾದ್ಯಂತ ಸುಮಾರು 40 ಸಾವಿರ ವೀಕ್ಷಕರನ್ನು ಮತಗಟ್ಟೆಗಳಿಗೆ ಕಳುಹಿಸಿತು. ಗೆದ್ದವರು ಯಾರೆಂಬುದು ತಮ್ಮ ಲೆಕ್ಕದಿಂದ ಸ್ಪಷ್ಟವಿದೆ, ಆಯೋಗ ಸತ್ಯವನ್ನೇ ಪ್ರಕಟಿಸಲಿ ಎಂದು 2019ರ ಜನವರಿ ಮೊದಲ ವಾರ ಬಿಷಪರು ಹೇಳಿದರು. ಹೆಸರು ಮಾತ್ರ ಹೇಳಲಿಲ್ಲ. ಜನವರಿ 10ರಂದು ಆಯೋಗ ಫೆಲಿಕ್ಸ್ ಚಿಸೆಕೇಡಿ ಗೆದ್ದರೆಂದಿತು. ಇದು ತಮ್ಮ ವೀಕ್ಷಕರ ಲೆಕ್ಕಕ್ಕೆ ಹೊಂದುವುದಿಲ್ಲವೆಂದು ಬಿಷಪರು ಅಂದೇ ತಿಳಿಸಿದರು. ಸೋತರೆನ್ನಲಾದ ಮಾರ್ಟಿನ್ ಫಯುಲು ಮರು ಎಣಿಕೆಗೆ ಸಾಂವಿಧಾನಿಕ ನ್ಯಾಯಾಲಯದ ಮೆಟ್ಟಿಲೇರಿದರೂ ಅರ್ಜಿ ವಜಾಗೊಂಡಿತು. ಫಲಿತಾಂಶವನ್ನು ಮೊದಲು ಪ್ರಶ್ನಿಸಿದ್ದ ವಿದೇಶಗಳೂ ಕೆಲವೇ ದಿನಗಳಲ್ಲಿ ಹೊಸ ಅಧ್ಯಕ್ಷರನ್ನು ಒಪ್ಪಿಕೊಂಡವು.